ಆ್ಯಪ್ ಇದೆಯಲ್ಲ, ಅದೇ ಮಾಡುತ್ತೆ ಅಂತೆ

ಭಾನುವಾರ ಪುಣೆಯ ಕೋಥ್ರೂಡ್‌ನ ನಮ್ಮ ಮನೆಗೆ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ ಕಥೆ ಮುಂದುವರಿಸುವ ಆಟ) ಆಡೋಕೆ ಬರುವ ಗೆಳೆಯರೇ, ಇದನ್ನು ಓದಿ. ಓದಲ್ಲ ಅಂತ ಗೊತ್ತು. ನೋಟ್ಸೇ ಓದದವರು ಇದನ್ನೇನು ಓದ್ತೀರಿ.

ಪ್ರತಿ ಸಲ ಅದೇ ಕಥೆ. ಹಿಂಜವಡಿಯಿಂದ ಬರುವವರು ಟ್ರಾಫಿಕ್ ಅಂತ ತಡವಾಗಿ ಬರುತ್ತೀರಿ (ಭಾನುವಾರ ಅದೆಂಥ ಟ್ರಾಫಿಕ್ಕೋ, ಬಿಡಿ). ಕೂತು ದಾಳ ತೆಗೆಯುವಷ್ಟರಲ್ಲಿ ಶುರು. "ಹೋದ ಸಲ ಏನಾಯ್ತೋ?" "ಆ ಮುದುಕಿ ಹೆಸರೇನು?" "ಬೀಗದ ಕೈ ಯಾರ ಹತ್ರ ಇದೆ?" ಎಲ್ಲ ನೋಟ್ಸ್ ಆ್ಯಪ್‌ನಲ್ಲಿ ಬರೆದು, ಫೋಲ್ಡರ್ ಮಾಡಿ, ಗ್ರೂಪಿಗೆ ಹಾಕಿದ್ದೇನೆ. ಒಬ್ಬರೂ ತೆರೆದಿಲ್ಲ. ನೀವೂ ಒಂದೆರಡು ಸಾಲು ಬರೀರಪ್ಪ ಅಂದರೆ ಬರುವ ಉತ್ತರ ಏನು ಗೊತ್ತಾ? "ನಿನ್ನ ಹತ್ರ ಆ್ಯಪ್ ಇದೆಯಲ್ಲ, ಅದೇ ಎಲ್ಲ ಲಿಂಕ್ ಮಾಡ್ಕೊಳ್ಳುತ್ತೆ."

ಮಾಡ್ಕೊಳ್ಳುತ್ತೆ, ನಿಮ್ಮ ತಲೆ!

ಒಂದು ಹೆಸರನ್ನು ಜೋಡಿ ಚೌಕ ಬ್ರಾಕೆಟ್ಟಿನಲ್ಲಿ ಹಾಕಿದರೆ ಆ ಹೆಸರಿನ ಪುಟಕ್ಕೆ ಲಿಂಕ್ ಆಗುತ್ತದೆ, ನಿಜ. ಆ ಪುಟಕ್ಕೆ ಎಲ್ಲೆಲ್ಲಿಂದ ಲಿಂಕ್ ಇದೆ ಅಂತಲೂ ತೋರಿಸುತ್ತದೆ, ಅದಕ್ಕೇ ಇದನ್ನು ಹಿಡಿದುಕೊಂಡಿರುವುದು. ಆದರೆ ಹೆಸರು ಇದ್ದ ಹಾಗೇ ಇರಬೇಕು. ಇಂಗ್ಲಿಷಿನಲ್ಲಿ ಟು, ಇನ್, ಫ್ರಂ ಎಲ್ಲ ಬೇರೆ ನಿಲ್ಲುತ್ತವೆ, ಊರಿನ ಹೆಸರು ಅಲುಗಾಡಲ್ಲ. ನಮ್ಮದು ಹಾಗಾ? ನಮ್ಮ ಆಟದ ಊರು ಕರಿಕೊಪ್ಪಲು. ಕರಿಕೊಪ್ಪಲಿಗೆ ಹೋದರು, ಕರಿಕೊಪ್ಪಲಿನಲ್ಲಿ ಹೊಡೆದಾಡಿದರು, ಕರಿಕೊಪ್ಪಲಿನಿಂದ ಓಡಿಬಂದರು. ಸುಮ್ನೆ ಬ್ರಾಕೆಟ್ ಹಾಕಿದರೆ 'ಕರಿಕೊಪ್ಪಲಿಗೆ' ಅನ್ನೋ ಇಲ್ಲದ ಊರು ಹುಟ್ಟಿಕೊಳ್ಳುತ್ತದೆ. ಹಾಗಾಗಿ ಒಳಗೆ ಮೊದಲು ಮೂಲ ಹೆಸರು, ನಡುವೆ ಒಂದು ನೆಟ್ಟಗಿನ ಗೆರೆ, ಆಮೇಲೆ ವಾಕ್ಯಕ್ಕೆ ಬೇಕಾದ ರೂಪ. ಪ್ರತಿ ಸಲ, ಕೈಯಾರೆ, ರಾತ್ರಿ ಊಟ ಆದ ಮೇಲೆ, ನೀವು ಕಾಲು ಚಾಚಿ ಕ್ರಿಕೆಟ್ ನೋಡುತ್ತಿರುವಾಗ.

ಧಾರವಾಡದವನು ಒಬ್ಬನೇ ಒಂದು ಸಲ ಬರೆದ, ಅವನಿಗೆ ಪುಣ್ಯ ಬರಲಿ. ಹಾಳುಕೋಟೆಯನ್ನು ಹಾಳುಕೋಟಿ ಅಂತ ಬರೆದ. ಅವನ ಮಾತೇ ಹಾಗೆ, ತಪ್ಪಲ್ಲ. ಆದರೆ ಆ್ಯಪ್‌ಗೆ ಅದು ಬೇರೆಯೇ ಕೋಟೆ. ಎರಡೂ ಒಂದೇ ಅಂತ ಪುಟದ ತಲೆಯಲ್ಲಿ ಬರೆದು ಸರಿ ಮಾಡಿದ್ದು ಯಾರು? ನಾನೇ.

"ಹಿಂದೆಲ್ಲ ಕಾಗದದಲ್ಲೇ ಆಡ್ತಿದ್ರು, ನೀನೇ ಜಾಸ್ತಿ ತಲೆ ಕೆಡಿಸ್ಕೊಳ್ತೀಯ" ಅಂದ ಇನ್ನೊಬ್ಬ ಬುದ್ಧಿವಂತ. ಹೌದಪ್ಪ, 1974ರಲ್ಲಿ ಗೈಗಾಕ್ಸ್, ಆರ್ನೆಸನ್ ಈ ಆಟ ತಂದಾಗ ಇದ್ದಿದ್ದು ಕಾಗದ, ಪೆನ್ಸಿಲ್ಲೇ. ಆದರೆ 1981ರ ಬೇಸಿಕ್ ಪುಸ್ತಕ ತೆಗೆದು ನೋಡು ಮಾರಾಯ. ನಕ್ಷೆ ಬರೆಯೋಕೆ ಆಟಗಾರರಲ್ಲೇ ಒಬ್ಬ ಮ್ಯಾಪರ್, ತಂಡ ಏನು ಮಾಡುತ್ತೆ ಅಂತ ಡಿಎಂಗೆ (ಡಂಜನ್ ಮಾಸ್ಟರ್, ಅಂದರೆ ಆಟ ನಡೆಸುವವರು) ಹೇಳೋಕೆ ಒಬ್ಬ ಕಾಲರ್. ಕಾಗದದ ಕಾಲದಲ್ಲೂ ಕೆಲಸ ಹಂಚಿಕೊಳ್ಳುತ್ತಿದ್ದರು. ನೀವು ಹಂಚಿಕೊಳ್ಳೋದು ಬಾಕರವಡಿ ಮಾತ್ರ, ಅದೂ ನಾನು ತಂದಿದ್ದು.

ಇನ್ನು ಮೇಲೆ ಒಬ್ಬೊಬ್ಬರು ಸರದಿಯಲ್ಲಿ ಬರೆಯಬೇಕು. ಇಂಗ್ಲಿಷೋ, ಕನ್ನಡವೋ, ವಾಟ್ಸ್ಯಾಪಿನಲ್ಲೋ, ಬಿಲ್ಲಿನ ಹಿಂದೆಯೋ, ಏನಾದರೂ ಆಗಲಿ. ಬರೆಯದಿದ್ದರೆ ಆ ವಾರ ಸಿಕ್ಕ ಚಿನ್ನ, ಎಕ್ಸ್‌ಪಿ (ಪಾತ್ರ ಬೆಳೆಯೋಕೆ ಬೇಕಾದ ಅನುಭವದ ಅಂಕ) ಎರಡೂ ಲೆಕ್ಕಕ್ಕಿಲ್ಲ. ಜಗಳ ಆಡೋದಿದ್ದರೆ ಗ್ರೂಪಿನಲ್ಲೇ ಆಡಿ, ಫೋನ್ ಮಾಡಬೇಡಿ.