ಗೋಡೆಗೊಂದು ಮೊಳೆ

ಕೆನಡಾದ ದೂರದ ಹಳ್ಳಿಯೊಂದರಲ್ಲಿ ಮೂಲನಿವಾಸಿಗಳಿಗಾಗಿ ಇರುವ ಕ್ಲಿನಿಕ್ಕಿಗೆ ನಿಮ್ಮನ್ನು ಮ್ಯಾನೇಜರ್ ಮಾಡಿದ್ದಾರೆ ಅಂತ ಇಟ್ಟುಕೊಳ್ಳಿ. ಅಭಿನಂದನೆ. ಮೊದಲು ಒಂದು ಸುತ್ತಿಗೆ, ಒಂದು ಡಬ್ಬಿ ಮೊಳೆ ತರಿಸಿ. ಸ್ಟೆತಾಸ್ಕೋಪ್ ಆಮೇಲೆ ನೋಡೋಣ. ಅದು ಬೇಕಾಗೋದು ಡಾಕ್ಟರ್ ಬಂದ ಮೇಲೆ ತಾನೇ? ಡಾಕ್ಟರ್ ಬರೋದು ಪುಟ್ಟ ವಿಮಾನದಲ್ಲಿ. ಮೋಡ ದಾರಿ ಬಿಟ್ಟರೆ ಬರುತ್ತಾರೆ, ನಾಲ್ಕು ದಿನ ಇರುತ್ತಾರೆ, ಹೋಗುತ್ತಾರೆ. ಮುಂದಿನ ಸಲ ಬೇರೆ ಯಾರೋ ಬರುತ್ತಾರೆ. ಅಜ್ಜಿ ತನ್ನ ಸಕ್ಕರೆ ಕಾಯಿಲೆಯ ಕತೆಯನ್ನು ಮತ್ತೆ ಮೊದಲಿಂದ ಶುರು ಮಾಡಬೇಕು. ಹರಿಕಥೆ ದಾಸರಿಗೂ ಒಂದೇ ಕತೆಯನ್ನು ಅಷ್ಟು ಸಲ ಹೇಳುವ ತಾಳ್ಮೆ ಇರಲಿಕ್ಕಿಲ್ಲ.

ಮೊಳೆ ಯಾಕೆ ಅಂತೀರಾ? ಕ್ಲಿನಿಕ್ಕು ‘ಸಾಂಸ್ಕೃತಿಕವಾಗಿ ಸುರಕ್ಷಿತ’ ಆಗಬೇಕು ಅಂತ ಮೇಲಿನಿಂದ ಆದೇಶ ಬಂದಿದೆ. ಮೇಲಿನವರ ಲೆಕ್ಕದಲ್ಲಿ ಸುರಕ್ಷತೆ ಅಂದರೆ ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕುವ ವಸ್ತು.

‘ಸಾಂಸ್ಕೃತಿಕ ಸುರಕ್ಷತೆ’ ಎಂಬ ಈ ಮಾತು ಹುಟ್ಟಿದ್ದು ಕೆನಡಾದಲ್ಲಲ್ಲ, ನ್ಯೂಜಿಲೆಂಡಿನಲ್ಲಿ. ಇರಿಹಪೇಟಿ ರಾಮ್ಸ್‌ಡೆನ್ ಎಂಬ, ಅಲ್ಲಿನ ಮೂಲನಿವಾಸಿ ಮಾವೊರಿ ಜನಾಂಗದ ನರ್ಸ್ 1980ರ ದಶಕದ ಕೊನೆಯಲ್ಲಿ ಇದನ್ನು ಗಟ್ಟಿಯಾಗಿ ಹೇಳತೊಡಗಿದರು. 1992ರಲ್ಲಿ ಅಲ್ಲಿನ ನರ್ಸಿಂಗ್ ಕೌನ್ಸಿಲ್ ನರ್ಸುಗಳ ಪಾಠಕ್ಕೇ ಇದನ್ನು ಸೇರಿಸಿತು. ರಾಮ್ಸ್‌ಡೆನ್ ಹೇಳಿದ್ದು ಬಹಳ ಸರಳ. ಚಿಕಿತ್ಸೆ ಸುರಕ್ಷಿತವಾಗಿತ್ತೋ ಇಲ್ಲವೋ ಎಂದು ತೀರ್ಮಾನಿಸಬೇಕಾದವರು ಅದನ್ನು ಪಡೆದವರು, ಕೊಟ್ಟವರಲ್ಲ.

ಇಷ್ಟು ಅಪಾಯದ ವಿಚಾರವನ್ನು ಯಾವ ಇಲಾಖೆ ತಾನೇ ಹಾಗೇ ಬಿಟ್ಟೀತು? ಕೋಳೀನ ಕೇಳಿ ಯಾರಾದರೂ ಖಾರ ಅರೀತಾರಾ? ರೋಗಿಯನ್ನು ಕೇಳುವ ಬದಲು ಸಿಬ್ಬಂದಿಗೆ ಆನ್‌ಲೈನ್ ಕೋರ್ಸ್ ಮಾಡಿಸಿದರೆ ಆಯಿತು. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಕಿತ್ತು ತಂದು ಇಟ್ಟಿದ್ದ ವಸತಿ ಶಾಲೆಗಳ ದುಃಖದ ಇತಿಹಾಸ, ಮುಂದೆ ಒತ್ತಿ. ಮೂಲನಿವಾಸಿಗಳಿಗೇ ಅಂತ ಬೇರೆಯಾಗಿ ಕಟ್ಟಿದ್ದ ಆಸ್ಪತ್ರೆಗಳ ಇತಿಹಾಸ, ಮುಂದೆ ಒತ್ತಿ. ನಿಮ್ಮಲ್ಲಿ ಪೂರ್ವಗ್ರಹ ಇದೆಯೇ? ‘ಇಲ್ಲ’ ಒತ್ತಿ. ಸರ್ಟಿಫಿಕೇಟು ಪ್ರಿಂಟರಿನಿಂದ ಬೆಚ್ಚಗೆ ಹೊರಗೆ ಬರುತ್ತದೆ. ಮೊದಲ ಮೊಳೆ ಅದಕ್ಕೆ.

2015ರಲ್ಲಿ, ಆ ವಸತಿ ಶಾಲೆಗಳ ಅನ್ಯಾಯವನ್ನು ವಿಚಾರಿಸಿದ ಕೆನಡಾದ ಸತ್ಯ ಮತ್ತು ಸಾಮರಸ್ಯ ಆಯೋಗ ದೇಶದ ಮುಂದೆ 94 ಬೇಡಿಕೆ ಇಟ್ಟಿತು. 23ನೆಯದರಲ್ಲಿ ಆರೋಗ್ಯ ಸಿಬ್ಬಂದಿಗೆಲ್ಲ ಇಂಥ ತರಬೇತಿ ಕೊಡಿ ಅಂತಿದೆ, ನಿಜ. ಆದರೆ ಅದಕ್ಕೂ ಮುಂಚೆ ಅದೇ 23ರಲ್ಲಿ ಇನ್ನೆರಡು ಮಾತಿವೆ. ಮೂಲನಿವಾಸಿಗಳಿಂದಲೇ ಹೆಚ್ಚು ಡಾಕ್ಟರು, ನರ್ಸುಗಳು ಬರುವಂತೆ ಮಾಡಿ. ಅವರು ತಮ್ಮ ಸಮುದಾಯದಲ್ಲೇ ಉಳಿಯುವಂತೆ ಮಾಡಿ. ಏನು ಮಾಡೋದು, ಅದಕ್ಕೆ ಮೌಸ್ ಒತ್ತಿದರೆ ಸಾಲದು.

ಎರಡನೇ ಮೊಳೆ ಭೂಮಿಯ ಬೋರ್ಡಿಗೆ. ‘ಈ ಕ್ಲಿನಿಕ್ ನಿಂತಿರುವ ನೆಲ ನಿಮ್ಮದು, ನೀವು ಯಾವತ್ತೂ ಬಿಟ್ಟುಕೊಟ್ಟಿದ್ದಲ್ಲ, ಅದನ್ನು ಗೌರವದಿಂದ ಒಪ್ಪಿಕೊಳ್ಳುತ್ತೇವೆ.’ ಪ್ರತಿ ಮೀಟಿಂಗಿನ ಮೊದಲು ಇದನ್ನು ಗಂಭೀರವಾಗಿ ಓದಬೇಕು. ಮನೆ ನಿಮ್ದೇ, ದಿನಾ ಬೆಳಗ್ಗೆ ಹೇಳ್ತೀವಿ. ಬೀಗದ ಕೈ ಮಾತ್ರ ನಮ್ಮ ಹತ್ರ ಇರಲಿ.

ಮೂರನೆಯದು ಹೊಗೆಯ ನಿಯಮಾವಳಿಗೆ. ಹಲವು ಸಮುದಾಯಗಳಲ್ಲಿ ಸೇಜ್ ಎಂಬ ಸುವಾಸನೆಯ ಗಿಡದ ಎಲೆ ಸುಟ್ಟು ಅದರ ಹೊಗೆ ತೋರಿಸಿ ಪ್ರಾರ್ಥಿಸುವ ಪದ್ಧತಿ ಇದೆ. ಕೊನೆಗಾಲದಲ್ಲಂತೂ ಬೇಕೇ ಬೇಕು. ನಾವು ಬೇಡ ಅನ್ನುವವರಲ್ಲ. ಮುಂಚೆ ತಿಳಿಸಿ, ಫಾರಂ ತುಂಬಿ, ಹೊಗೆ ಅಲಾರಂ ಬಂದ್ ಮಾಡುವವನು ಬರುವ ತನಕ ಕಾಯಿರಿ, ಅಷ್ಟೇ. ಪ್ರಾಣ ಬಿಡುವವರು ದಯವಿಟ್ಟು ಶನಿವಾರ, ಭಾನುವಾರ ತಪ್ಪಿಸಬೇಕು.

ಇನ್ನು ಹೆರಿಗೆ. ಹಳ್ಳಿಯಲ್ಲಿ ಹೆರಿಗೆ ಮಾಡಿಸುವವರಿಲ್ಲ. ಹಾಗಾಗಿ ದಿನ ತುಂಬುವುದಕ್ಕೆ ಎಷ್ಟೋ ವಾರ ಮೊದಲೇ ಗರ್ಭಿಣಿಯನ್ನು ದೂರದ ಊರಿಗೆ ವಿಮಾನ ಹತ್ತಿಸುತ್ತಾರೆ. ಜೊತೆಗೆ ತಾಯಿಯೋ ಗಂಡನೋ ಹೋಗಬೇಡವೇ? ಸರ್ಕಾರ ಬಹಳ ಕಾಲ ಈ ಪ್ರಶ್ನೆಯ ಬಗ್ಗೆ ಆಳವಾಗಿ ಯೋಚಿಸಿತು. 2017ರ ತನಕ, ಮಾಮೂಲಿ ಹೆರಿಗೆಗೆ ಹೊರಟವಳ ಜೊತೆಗಾರರ ಖರ್ಚು ಸಾಮಾನ್ಯವಾಗಿ ಕೊಡುತ್ತಿರಲಿಲ್ಲ. ಹೆರಿಗೆ ಅನ್ನೋದು ಒಬ್ಬರೇ ಹೋಗಿ ಮುಗಿಸಿಕೊಂಡು ಬರುವ ಬ್ಯಾಂಕ್ ಕೆಲಸ ಇದ್ದ ಹಾಗೆ ಅಂತ ಯಾರೋ ತಿಳಿದಿದ್ದರು. ಗಂಡಸರೇ ಇರಬೇಕು.

ದೂರದ ಉತ್ತರದ ಪುವಿರ್ನಿಟುಕ್ ಎಂಬಲ್ಲಿ 1986ರಲ್ಲೇ, ಆ ಹಿಮನಾಡಿನ ಮೂಲನಿವಾಸಿಗಳಾದ ಇನ್ಯೂಟ್ ಹೆಂಗಸರು ಹಟ ಹಿಡಿದು ತಮ್ಮೂರಲ್ಲೇ ಹೆರಿಗೆ ಮನೆ ತೆರೆಸಿದರು. ತಮ್ಮವರನ್ನೇ ಸೂಲಗಿತ್ತಿಯರನ್ನಾಗಿ ತಯಾರು ಮಾಡಿದರು. ಮಕ್ಕಳು ಅಲ್ಲೇ ಹುಟ್ಟುತ್ತಿವೆ. ನಿಮ್ಮ ಗೋಡೆಗೆ ಅದರ ಫೋಟೋ ಹಾಕಿಕೊಳ್ಳಬಹುದು. ಅದನ್ನೇ ಇಲ್ಲೂ ಮಾಡೋಣ ಅಂತ ಮಾತ್ರ ಕೇಳಬೇಡಿ.

ಕೇಳಿದರೆ ಮೊದಲ ಪ್ರಶ್ನೆ ಬರುತ್ತದೆ: ದುಡ್ಡು ಯಾರದ್ದು? ಆಸ್ಪತ್ರೆ ಪ್ರಾಂತ್ಯದ್ದು, ಮೂಲನಿವಾಸಿಗಳು ಕೇಂದ್ರದ ಪಾಲು. 1867ರಲ್ಲಿ, ಕೆನಡಾ ದೇಶ ಕಟ್ಟುವಾಗಲೇ, ಹಾಗೆ ಹಂಚಿಕೊಂಡಿದ್ದಾರೆ. ಮೂಲನಿವಾಸಿಯೊಬ್ಬ ಆಸ್ಪತ್ರೆಗೆ ಹೋಗಬಹುದು ಅಂತ ಆಗ ಯಾರಿಗೂ ಹೊಳೆಯಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತ ನಾವು ಗಾದೆ ಹೇಳುತ್ತೇವೆ. ಮ್ಯಾನಿಟೋಬಾ ಎಂಬ ಪ್ರಾಂತ್ಯದಲ್ಲಿ ಅದು ಗಾದೆಯಾಗಿ ಉಳಿಯಲಿಲ್ಲ. ಜೋರ್ಡನ್ ರಿವರ್ ಆ್ಯಂಡರ್ಸನ್ ಎಂಬ, ಕ್ರೀ ಮೂಲನಿವಾಸಿ ಸಮುದಾಯದ ಕೂಸು ಆಸ್ಪತ್ರೆಯಲ್ಲೇ ಬೆಳೆಯುತ್ತಿತ್ತು. ಎರಡು ವರ್ಷವಾದಾಗ, ಮನೆಗೆ ಕರೆದುಕೊಂಡು ಹೋಗಬಹುದು ಅಂದರು ಡಾಕ್ಟರು. ಮನೆಯಲ್ಲಿ ನೋಡಿಕೊಳ್ಳುವ ಖರ್ಚು ನಿನ್ನದೋ ನನ್ನದೋ ಅಂತ ಎರಡು ಸರ್ಕಾರಗಳು ಎರಡು ವರ್ಷಕ್ಕೂ ಜಾಸ್ತಿ ಜಗಳವಾಡಿದವು. 2005ರಲ್ಲಿ, ಐದನೇ ವಯಸ್ಸಿನಲ್ಲಿ, ಹುಡುಗ ಆಸ್ಪತ್ರೆಯಲ್ಲೇ ತೀರಿಕೊಂಡ. ತನ್ನ ಮನೆಯಲ್ಲಿ ಒಂದು ದಿನವೂ ಇರಲಿಲ್ಲ. 2007ರಲ್ಲಿ ಸಂಸತ್ತು ಅವನ ಹೆಸರಿನ ತತ್ವವೊಂದನ್ನು ಒಮ್ಮತದಿಂದ ಒಪ್ಪಿಕೊಂಡಿತು: ಮೊದಲು ಮಗುವನ್ನು ನೋಡಿ, ಬಿಲ್ಲಿನ ಜಗಳ ಆಮೇಲೆ ಆಡಿ. ಎಲ್ಲರೂ ಕೈ ಎತ್ತಿದ ಮೇಲೂ ಸರ್ಕಾರ ಅದನ್ನು ಸರಿಯಾಗಿ ಪಾಲಿಸಲಿಲ್ಲ ಅಂತ 2016ರಲ್ಲಿ ಮಾನವ ಹಕ್ಕುಗಳ ನ್ಯಾಯಮಂಡಳಿಯೇ ಹೇಳಬೇಕಾಯಿತು.

ದುಡ್ಡಿಲ್ಲ ಅಂತಲೂ ಅಲ್ಲ ಕಣ್ರೀ. ಹಲ್ಲಿನ ನೋವಿನಿಂದ ಒದ್ದಾಡುತ್ತಿದ್ದ ಒಬ್ಬ ಮೂಲನಿವಾಸಿ ಹುಡುಗಿಯ ಚಿಕಿತ್ಸೆಗೆ ಸುಮಾರು 6,000 ಡಾಲರ್ ಬೇಕಿತ್ತು. ಕೇಂದ್ರ ಸರ್ಕಾರ ಕೊಡಲ್ಲ ಅಂದಿತು. ಕೊಡದೇ ಇರುವುದಕ್ಕಾಗಿ ವಕೀಲರ ಮೇಲೆ 1,10,000 ಡಾಲರಿಗೂ ಜಾಸ್ತಿ ಖರ್ಚು ಮಾಡಿತು. ಆ ದುಡ್ಡಲ್ಲಿ ಇಡೀ ತರಗತಿಯ ಹಲ್ಲು ಸರಿ ಮಾಡಬಹುದಿತ್ತು. ಆದರೆ ತತ್ವ ಅಂತ ಒಂದಿರುತ್ತದಲ್ಲ.

ಸಾಮಾನು ಸರಬರಾಜಿನ ವಿಷಯಕ್ಕೆ ಬಂದರೆ, 2009ರ ಎಚ್1ಎನ್1 ಜ್ವರದ ಹೊತ್ತು ನೆನಪಿಡಿ. ಮ್ಯಾನಿಟೋಬಾದ ಹಳ್ಳಿಗಳು ಸ್ಯಾನಿಟೈಸರ್ ಕೇಳಿದಾಗ, ಅದರಲ್ಲಿ ಆಲ್ಕೋಹಾಲ್ ಇದೆಯಲ್ಲ, ಈ ಜನಕ್ಕೆ ಕಳಿಸಬಹುದಾ ಅಂತ ಅಧಿಕಾರಿಗಳು ಮೀನಮೇಷ ಎಣಿಸಿದರು. ಮುಂದೆ ಸೆಪ್ಟೆಂಬರಿನಲ್ಲಿ ಕೆಲವು ಹಳ್ಳಿಗಳಿಗೆ ಪೆಟ್ಟಿಗೆಗಳು ಬಂದವು. ತೆಗೆದು ನೋಡಿದರೆ ಒಳಗೆ ಹೆಣ ತುಂಬುವ ಚೀಲ. ಇಲಾಖೆಯ ದೂರದೃಷ್ಟಿಯನ್ನು ಮೆಚ್ಚಬೇಕು. ಆಮೇಲೆ ವಿಷಾದ, ತನಿಖೆ ಎಲ್ಲ ಆಯಿತು ಬಿಡಿ.

ಈಗ ನಿಮ್ಮ ಕ್ಲಿನಿಕ್ಕಿಗೆ ಬರೋಣ. ಗೋಡೆ ಭರ್ತಿಯಾಗಿದೆ. ಸರ್ಟಿಫಿಕೇಟು, ಭೂಮಿಯ ಬೋರ್ಡು, ಹದ್ದಿನ ಚಿತ್ರ, ಹೊಗೆಯ ನಿಯಮಾವಳಿ. ಕೆಳಗೆ ಬೆಂಚಿನ ಮೇಲೆ ಅಜ್ಜಿ ಬೆಳಗ್ಗಿಂದ ಕೂತಿದ್ದಾರೆ. ಕೊನೆಗೆ ಅವರೇ ಎದ್ದು ಬಂದು ನಿಮ್ಮನ್ನು ಕೇಳುತ್ತಾರೆ:

“ಒಂದು ಮೊಳೆ ಜಾಸ್ತಿ ಇದೆಯೇನಪ್ಪಾ? ಚಳಿ ಕೋಟು ತೂಗುಹಾಕೋಣ ಅಂತ.”

ನೀವು ವಿನಯದಿಂದ ವಿವರಿಸಬೇಕು. ಮೊಳೆ ಕೇಂದ್ರದ್ದು, ಗೋಡೆ ಪ್ರಾಂತ್ಯದ್ದು. ಅರ್ಜಿ ಕೊಟ್ಟರೆ ಮೇಲಕ್ಕೆ ಕಳಿಸುತ್ತೇವೆ. ಅಲ್ಲಿ ತನಕ ಕೋಟನ್ನು ತೊಡೆ ಮೇಲೆ ಇಟ್ಟುಕೊಂಡಿರಿ ಅಜ್ಜಿ.