ಇದ್ದಲ್ಲಿ, ಇದ್ದಂತೆ, ಏನಿದೆಯೋ ಅದು

ಮೂವತ್ತೊಂದು ವರ್ಷ ಪದವಿಪೂರ್ವ ಕಾಲೇಜಿನ ಮಕ್ಕಳಿಗೆ ಕನ್ನಡ ಕಲಿಸಿದವನೊಬ್ಬ ಕನ್ನಡವನ್ನು ಓದಿಯೇ ಕೆಟ್ಟನೆಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಮಂಗಳೂರಿನ ಬಿಜೈಯಲ್ಲಿ ನಾನು ಫ್ಲ್ಯಾಟ್ ಕೊಂಡದ್ದು ಹಾಗೆಯೇ. 2023ರ ಫೆಬ್ರವರಿಯ ಒಂದು ಬೆಳಿಗ್ಗೆ ಪತ್ರಿಕೆಯ ನಿಧನ ವಾರ್ತೆಗಳನ್ನು ಓದಿ ಮುಗಿಸಿ ಮುಂದಿನ ಪುಟಕ್ಕೆ ಬಂದಾಗ, ಬ್ಯಾಂಕೊಂದರ ಹರಾಜು ಪ್ರಕಟಣೆ ಕಣ್ಣಿಗೆ ಬಿತ್ತು. ನಿವೃತ್ತರು ಮನಸ್ಸಿಟ್ಟು ಓದುವುದು ಈ ಎರಡು ಪುಟಗಳನ್ನೇ ಎಂಬ ಗುಟ್ಟು ಬ್ಯಾಂಕುಗಳಿಗೂ ತಿಳಿದಿರಬೇಕು.

ಸಾಲ ತೀರಿಸದವರ ಅಡಮಾನದ ಆಸ್ತಿಯನ್ನು ಕೋರ್ಟಿನಲ್ಲಿ ದಾವೆ ಹೂಡದೆಯೇ ಮಾರಿಬಿಡುವ ಅಧಿಕಾರವನ್ನು ಬ್ಯಾಂಕುಗಳಿಗೆ ಕೊಟ್ಟದ್ದು 2002ರ ಸರ್ಫೇಸಿ ಕಾಯ್ದೆ. ಮೊದಲು 60 ದಿನಗಳ ನೋಟಿಸು, ಆಮೇಲೆ ಸ್ವಾಧೀನ, ಆಮೇಲೆ ಹರಾಜು. ಹರಾಜಿನ ಪ್ರಕಟಣೆ ಎರಡು ಪತ್ರಿಕೆಗಳಲ್ಲಿ ಬರಬೇಕು, ಅವುಗಳಲ್ಲಿ ಒಂದು ಆ ಊರಿನ ಭಾಷೆಯದ್ದಾಗಿರಬೇಕು ಎಂಬುದು ನಿಯಮ. ನಿಯಮ ಮಾಡಿದವರು ಭಾಷಾಪ್ರೇಮಿಗಳೇ ಸರಿ; ಅನುವಾದ ಮಾಡಿದವರ ವಿಷಯದಲ್ಲಿ ಮಾತ್ರ ನನಗೆ ಆ ಭರವಸೆ ಇಲ್ಲ. ಪ್ರಕಟಣೆಯ ಕೊನೆಯಲ್ಲಿ 'ಅಧಿಕೃತ ಅಧಿಕಾರಿ' ಎಂದು ಸಹಿಯಿತ್ತು. ಅನಧಿಕೃತ ಅಧಿಕಾರಿಗಳೂ ಎಲ್ಲೋ ಇದ್ದಾರೆಂದೇ ಅದರ ಅರ್ಥವಾಗಬೇಕಷ್ಟೆ ಎಂದು ನಾನು ಹೆಂಡತಿಯ ಮುಂದೆ ವ್ಯಾಕರಣದ ಜಾಣ್ಮೆ ಮೆರೆದೆ. ಆಸ್ತಿಯನ್ನು 'ಇದ್ದಲ್ಲಿ, ಇದ್ದಂತೆ, ಏನಿದೆಯೋ ಅದು' ಎಂಬ ಆಧಾರದಲ್ಲಿ ಮಾರಲಾಗುವುದು ಎಂಬ ಸಾಲನ್ನು ಗಟ್ಟಿಯಾಗಿ ಓದಿ, ಎಷ್ಟು ಲಯಬದ್ಧವಾಗಿದೆ ನೋಡು ಎಂದೂ ಹೇಳಿದೆ.

ಅದಕ್ಕಿಂತಲೂ ನನ್ನನ್ನು ಸೆಳೆದದ್ದು 'ಸಾಂಕೇತಿಕ ಸ್ವಾಧೀನ' ಎಂಬ ಪದಪುಂಜ. ನವ್ಯಕಾವ್ಯದ ಪಾಠದಲ್ಲಿ ಸಂಕೇತ, ಪ್ರತಿಮೆ ಎಂದು ವರ್ಷಗಟ್ಟಲೆ ಗಂಟಲು ಹರಿದುಕೊಂಡವನಿಗೆ, ಒಂದು ಬ್ಯಾಂಕು ಮನೆಯೊಂದನ್ನು ಸಾಂಕೇತಿಕವಾಗಿ ವಶಪಡಿಸಿಕೊಂಡಿದೆ ಎಂಬುದು ಸುಸಂಸ್ಕೃತರ ನಡವಳಿಕೆಯಾಗಿಯೇ ಕಂಡಿತು. ಇದರ ನಿಜಾರ್ಥ, ಬ್ಯಾಂಕಿನವರು ಬಾಗಿಲಿಗೆ ಒಂದು ನೋಟಿಸನ್ನು ಅಂಟಿಸಿ ಬಂದಿದ್ದಾರೆ, ಒಳಗೆ ಕಾಲಿಟ್ಟಿಲ್ಲ, ಬೀಗವನ್ನು ತೆಗೆಸುವ ತಾಪತ್ರಯ ಇನ್ನೂ ಬಾಕಿಯಿದೆ ಎಂದು. ಇದನ್ನು ನಾನು ತಿಳಿದದ್ದು ಹಣ ಕಟ್ಟಿದ ಮೇಲೆ.

ನಮ್ಮ ಕರಾವಳಿಯವರಿಗೆ ಬ್ಯಾಂಕಿನ ವಿಷಯದಲ್ಲಿ ಒಂದು ಒಳಜಂಬವಿದೆ. 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಹೀಗೆ ಮಂಗಳೂರು ಉಡುಪಿಗಳ ನಡುವೆ ಐದು ಬ್ಯಾಂಕುಗಳು ಹುಟ್ಟಿದವು. ಇವುಗಳಲ್ಲಿ ಮೂರು 2019 ಮತ್ತು 2020ರಲ್ಲಿ ಬೇರೆ ಬ್ಯಾಂಕುಗಳ ಹೊಟ್ಟೆ ಸೇರಿದವಾದರೂ ನಮ್ಮ ಜಂಬ ವಿಲೀನವಾಗಿಲ್ಲ. ಇಂಥ ನೆಲದಲ್ಲಿ ಹುಟ್ಟಿದವನಿಗೆ ಬ್ಯಾಂಕಿನ ಲೆಕ್ಕ ತಿಳಿಯದೆ ಹೋದೀತೇ ಎಂಬ ಧೈರ್ಯದಲ್ಲಿ ನಾನು ಮುಂದುವರಿದೆ. ಎರಡು ಮಲಗುವ ಕೋಣೆಗಳ, 1,250 ಚದರಡಿಯ ಅಂಥ ಫ್ಲ್ಯಾಟಿಗೆ ಆ ಬೀದಿಯಲ್ಲಿ 72 ಲಕ್ಷ ಹೇಳುತ್ತಿದ್ದರು. ಹರಾಜಿನ ಕನಿಷ್ಠ ಬೆಲೆ 52 ಲಕ್ಷದ 40 ಸಾವಿರ. ಮಾಲೀಕರು ದುಬೈಯಲ್ಲೋ ಮಸ್ಕತ್‌ನಲ್ಲೋ ಕುಳಿತಿರುವುದರಿಂದ ಖಾಲಿ ಬಿದ್ದಿದ್ದರೂ ಒಂದು ರೂಪಾಯಿ ಇಳಿಯದ ಫ್ಲ್ಯಾಟುಗಳ ಈ ಊರಿನಲ್ಲಿ, ಹತ್ತೊಂಬತ್ತೂವರೆ ಲಕ್ಷದ ವ್ಯತ್ಯಾಸವನ್ನು ಕಂಡೂ ಸುಮ್ಮನಿರುವುದು ನನ್ನಿಂದಾಗಲಿಲ್ಲ.

ಹೆಂಡತಿ ಅಡುಗೆಮನೆಯ ಕ್ಯಾಲೆಂಡರಿನ ಅಂಚಿನಲ್ಲಿ 'ಉಳಿತಾಯ' ಎಂದು ಬರೆದು, ಅದರ ಮುಂದೆ ಆ ಅಂಕಿಯನ್ನು ದಾಖಲಿಸಿದಳು. ಮುಂದಿನ ಒಂದೂವರೆ ವರ್ಷ ನಮ್ಮ ಸಂಸಾರದ ಇತಿಹಾಸವೆಂದರೆ ಆ ಅಂಕಿಯ ಇಳಿಕೆಯ ಇತಿಹಾಸವೇ.

ಮನೆ ನೋಡಲು ಹೋದಾಗ ಅಧಿಕೃತ ಅಧಿಕಾರಿಗಳ ಪರವಾಗಿ ಒಬ್ಬ ಯುವಕ ಬಂದಿದ್ದ. ಅವನು ನನಗೆ ಬಾಗಿಲನ್ನು ತೋರಿಸಿದ. ಒಳ್ಳೆಯ ತೇಗದ ಬಾಗಿಲು. ಒಳಗೆ ಹೇಗಿದೆ ಎಂದು ಕೇಳಿದಾಗ, "ಹೀಗೇ ಇರಬೇಕು ಸರ್" ಎಂದ. ಎದುರಿನ ಕಟ್ಟಡದ ತಾರಸಿಯಿಂದ ಬಾಲ್ಕನಿ ಕಾಣುತ್ತದೆ ಎಂದು ಕಾವಲುಗಾರ ಹೇಳಿದ್ದರಿಂದ ಅಲ್ಲಿಗೂ ಹೋಗಿ, ಅರ್ಧ ಬಾಲ್ಕನಿಯನ್ನೂ ಒಂದು ಒಣಗಿದ ತುಳಸಿಯನ್ನೂ ನೋಡಿ ತೃಪ್ತರಾಗಿ ಬಂದೆವು. ನನ್ನ ವಕೀಲ ಮಿತ್ರರು ಮನೆಯನ್ನು ನೋಡುವ ಗೋಜಿಗೇ ಹೋಗದೆ, "ಜಾಗ ವರ್ಗವೋ ಮೂಲಗೇಣಿಯೋ?" ಎಂದಷ್ಟೇ ಕೇಳಿದರು. ವರ್ಗವೆಂದರೆ ನೆಲವೂ ಸ್ವಂತದ್ದು. ಮೂಲಗೇಣಿಯೆಂದರೆ ಅಜ್ಜನ ಕಾಲದ ಶಾಶ್ವತ ಗೇಣಿ. ಮೇಲೆ ಎಷ್ಟು ಮಹಡಿ ಕಟ್ಟಿದರೂ ಕೆಳಗಿನ ನೆಲಕ್ಕೆ ಬೇರೊಬ್ಬ ಮೂಲವರ್ಗದಾರ ಇರುತ್ತಾನೆ. ದಾಖಲೆ ತೆಗೆಸಿ ನೋಡಿದಾಗ ವರ್ಗದ ಜಾಗವೆಂದೇ ತಿಳಿಯಿತು. ಈ ವ್ಯವಹಾರದಲ್ಲಿ ನನಗೆ ಬಂದ ಕೊನೆಯ ಶುಭಸಮಾಚಾರ ಅದು.

ಹರಾಜು ನಡೆದದ್ದು ಮಾರ್ಚ್ ಕೊನೆಯ ವಾರ, ಕಂಪ್ಯೂಟರಿನಲ್ಲಿ. ಶೇ. 10ರಷ್ಟು, ಅಂದರೆ 5 ಲಕ್ಷದ 24 ಸಾವಿರವನ್ನು ಇಎಂಡಿ ಎಂಬ ಮುಂಗಡ ಠೇವಣಿಯಾಗಿ ಮೊದಲೇ ಕಟ್ಟಿದ್ದೆ. ಬೆಂಗಳೂರಿನಲ್ಲಿರುವ ಮಗಳು ಫೋನಿನಲ್ಲಿ ದಾರಿ ತೋರಿಸುತ್ತಿದ್ದಳು. ಒಂದೊಂದು ಸಲಕ್ಕೆ 25 ಸಾವಿರ ಏರಿಸಬೇಕು, ಕೊನೆಯ ಐದು ನಿಮಿಷದಲ್ಲಿ ಯಾರಾದರೂ ಏರಿಸಿದರೆ ಮತ್ತೆ ಐದು ನಿಮಿಷ ಸಿಗುತ್ತದೆ. ನನಗೆ ಎದುರಾಳಿ ಒಬ್ಬನೇ ಇದ್ದ. ಪರದೆಯ ಮೇಲೆ ಅವನಿಗೆ ಹೆಸರಿಲ್ಲ, ಬರಿಯ ಸಂಖ್ಯೆ. ಅವನು ಅವಸರವಿಲ್ಲದೆ, ವೀಳ್ಯ ಮೆಲ್ಲುತ್ತಾ ಕುಳಿತವನಂತೆ, ಪ್ರತಿ ಐದು ನಿಮಿಷದ ಕೊನೆಯಲ್ಲಿ ಏರಿಸುತ್ತಿದ್ದ. "ಅಪ್ಪ, ಸಾಕು, ಬಿಟ್ಟುಬಿಡಿ" ಎಂದು ಮಗಳು ಎರಡು ಬಾರಿ ಹೇಳಿದಳು. ಕೋಳಿ ಅಂಕಕ್ಕೆ ಹೋದವನಿಗೆ ಯಾರಾದರೂ ಬುದ್ಧಿ ಹೇಳಿ ಉಂಟೇ? 55 ಲಕ್ಷದ 15 ಸಾವಿರಕ್ಕೆ ಬಂದ ಎದುರಾಳಿ ಅಲ್ಲಿಗೆ ನಿಂತ. ನಾನು 55 ಲಕ್ಷದ 40 ಸಾವಿರಕ್ಕೆ ಗೆದ್ದೆ. ಸಂಭ್ರಮಕ್ಕೆ ಮಧ್ಯಾಹ್ನವೇ ಹೊರಗೆ ಹೋಗಿ ಗೋಳಿಬಜೆ ತಿಂದು, ಗಡ್‌ಬಡ್ ಐಸ್‌ಕ್ರೀಮನ್ನೂ ಮುಗಿಸಿ ಬಂದೆವು.

ಗಡ್‌ಬಡ್ ನಿಜವಾಗಿ ಶುರುವಾದದ್ದು ಮರುದಿನ. ಇಎಂಡಿ ಸೇರಿ ಶೇ. 25ರಷ್ಟನ್ನು ಮುಂದಿನ ಕೆಲಸದ ದಿನದೊಳಗೆ ಕಟ್ಟಬೇಕು, ಉಳಿದ 75ನ್ನು ಹದಿನೈದು ದಿನಗಳಲ್ಲಿ. ಮನೆಸಾಲ ಕೇಳಲು ಇನ್ನೊಂದು ಬ್ಯಾಂಕಿಗೆ ಹೋದರೆ, ಮನೆ ನಿಮ್ಮ ವಶಕ್ಕೆ ಬಂದ ಮೇಲೆ ಸಾಲ ಕೊಡುತ್ತೇವೆ ಎಂದರು; ಮಾರಿದ ಬ್ಯಾಂಕಿಗೆ ಬಂದರೆ, ಹಣ ಪೂರ್ತಿ ಬಂದ ಮೇಲೆ ವಶದ ಮಾತು ಎಂದರು. ಇವೆರಡರ ನಡುವೆ ನಾನು ನಾಲ್ಕು ದಿನ ಬಸ್ಸಿನಲ್ಲಿ ಓಡಾಡಿ, ಕೊನೆಗೆ ಊರಿನ ತೋಟ ಮಾರಿದ ಹಣ, ನಿವೃತ್ತಿಯ ಠೇವಣಿ ಎಲ್ಲವನ್ನೂ ಒಟ್ಟು ಮಾಡಿದಾಗಲೂ ನಾಲ್ಕು ಲಕ್ಷ ಸಾಲದೆ ಬಂತು. ಹಾಗಾಗಿ ಯಾರೋ ಅಡವಿಟ್ಟ ಮನೆಯನ್ನು ಕೊಳ್ಳುವ ಸಲುವಾಗಿ ನನ್ನ ಹೆಂಡತಿಯ ಬಳೆಗಳು ಅಡವಿಗೆ ಹೋದವು. ಚಿನ್ನವನ್ನು ತೂಗಿ ಒಳಗಿಟ್ಟುಕೊಂಡ ಗುಮಾಸ್ತನನ್ನು ನೋಡಿ, "ಇದು ಸಾಂಕೇತಿಕ ಸ್ವಾಧೀನ ಅಲ್ಲ ತಾನೇ?" ಎಂದು ಅವಳು ನನ್ನನ್ನು ಕೇಳಿದಳು. ಅವಳ ಕನ್ನಡ ನನ್ನದಕ್ಕಿಂತ ಚುರುಕಾಗಿದೆ ಎಂಬುದು ನನಗೆ ಆ ದಿನ ಗೊತ್ತಾಯಿತು.

ಮಾರಾಟ ಪ್ರಮಾಣಪತ್ರವನ್ನು ನೋಂದಣಿ ಮಾಡಿಸುವಾಗ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು, ನೋಂದಣಿ ಶುಲ್ಕ ಆಗ ಶೇ. 1. ಐವತ್ತು ಲಕ್ಷ ದಾಟಿದ ಖರೀದಿಯಾದ್ದರಿಂದ ಶೇ. 1 ಆದಾಯ ತೆರಿಗೆಯನ್ನು ಮೂಲದಲ್ಲೇ ಮುರಿದು ಕಟ್ಟುವ ಕೆಲಸ ಬೇರೆ. ಕ್ಯಾಲೆಂಡರಿನ ಅಂಕಿ ಹದಿಮೂರು ಲಕ್ಷದ ಹತ್ತಿರ ಬಂತು. ವಿದ್ಯುತ್ ಸಂಪರ್ಕವನ್ನು ನನ್ನ ಹೆಸರಿಗೆ ಬರೆಸಲು ಜೂನ್‌ನಲ್ಲಿ ಹೋದಾಗ, ಹಿಂದಿನವರ ಬಾಕಿ 31 ಸಾವಿರ ಚಿಲ್ಲರೆಯನ್ನು ನಾನೇ ಕಟ್ಟಬೇಕೆಂದು ಹೇಳಿದರು. ನಾನು ಉರಿಸದ ದೀಪಕ್ಕೆ ನಾನೇಕೆ ಕೊಡಲಿ ಎಂದು ವಾದಿಸಿದೆ. ಅಲ್ಲಿದ್ದ ಎಂಜಿನಿಯರರು ಸಿಟ್ಟಾಗಲಿಲ್ಲ. ಹಿಂದಿನ ಗ್ರಾಹಕನ ಬಾಕಿಯನ್ನು ಹರಾಜಿನಲ್ಲಿ ಕೊಂಡವನಿಂದ ವಸೂಲು ಮಾಡಲು ನಿಯಮಗಳಲ್ಲಿ ಅವಕಾಶವಿಟ್ಟರೆ ಅದು ಸಿಂಧುವೆಂದು ಸುಪ್ರೀಂ ಕೋರ್ಟ್ ಕಳೆದ ತಿಂಗಳು, 2023ರ ಮೇ 19ರಂದು ತೀರ್ಪು ಕೊಟ್ಟಿದೆ ಎಂದು ತಾಳ್ಮೆಯಿಂದ ವಿವರಿಸಿದರು. ಎರಡು ದಶಕ ಹಳೆಯ ವ್ಯಾಜ್ಯಗಳು ನಾನು ಮನೆ ಕೊಳ್ಳುವುದನ್ನೇ ಕಾದಿದ್ದು ಇತ್ಯರ್ಥವಾದಂತಿತ್ತು. ಇದ್ದಂತೆ ಎಂದರೆ ಬಾಕಿ ಇದ್ದಂತೆ ಎಂಬ ಅರ್ಥಚ್ಛಾಯೆ ನನಗೆ ಹೊಳೆದದ್ದು ಆ ಕಚೇರಿಯ ಮೆಟ್ಟಿಲಿಳಿಯುವಾಗ.

ಬೀಗ ತೆಗೆಸಲು ಜಿಲ್ಲಾ ದಂಡಾಧಿಕಾರಿಗಳ ಆದೇಶ ಬೇಕಿತ್ತು. ಅದು ಬರುವವರೆಗೆ ಏಳು ತಿಂಗಳು ನಾವು ಸ್ವಂತ ಮನೆಯ ಮಾಲೀಕರಾಗಿ ಬಾಡಿಗೆ ಮನೆಯಲ್ಲಿದ್ದೆವು. ಡಿಸೆಂಬರಿನ ಒಂದು ದಿನ ಕಂದಾಯ ಇಲಾಖೆಯವರು, ಪೊಲೀಸರು, ಬ್ಯಾಂಕಿನವರು, ಪಂಚರು ಎಲ್ಲ ಸೇರಿ, ಮದುವೆಯ ದಿಬ್ಬಣದಂತೆ ಹೋಗಿ ಬಾಗಿಲು ತೆರೆದೆವು. ತೆರೆದವರೆಲ್ಲ ಒಟ್ಟಿಗೇ ಹಿಂದಕ್ಕೆ ಬಂದೆವು. ಹಿಂದಿನ ಮಾಲೀಕರು ಮೀನುದೋಣಿಗಳ ದಕ್ಕೆಯ ಹತ್ತಿರ ಐಸ್ ಪ್ಲಾಂಟ್ ನಡೆಸುತ್ತಿದ್ದವರು. ಮನೆಯಲ್ಲಿ ಆಳೆತ್ತರದ ಫ್ರೀಜರ್ ಇಟ್ಟುಕೊಂಡಿದ್ದರು. ಅದರಲ್ಲಿ ಬಂಗುಡೆ, ಅಂಜಲ್ ತುಂಬಿಟ್ಟಿದ್ದರು. ಅವರು ಬೀಗ ಹಾಕಿ ಹೋದ ಮೇಲೆ ಯಾವಾಗಲೋ, ಬಿಲ್ಲು ಕಟ್ಟದ ಕಾರಣಕ್ಕೆ ಕರೆಂಟನ್ನು ಕಡಿಯಲಾಗಿತ್ತು. ಈ ಮೂರು ಸಂಗತಿಗಳನ್ನು ಒಂದರ ನಂತರ ಒಂದು ಹೇಳಿದ ಮೇಲೆ ನಾಲ್ಕನೆಯದನ್ನು ಹೇಳುವ ಅಗತ್ಯವಿಲ್ಲ. ಪಂಚನಾಮೆ ಬರೆಯುತ್ತಿದ್ದವರು ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಮೀನನ್ನು ಚರಾಸ್ತಿಯ ಪಟ್ಟಿಗೆ ಸೇರಿಸಬೇಕೇ ಎಂದು ಕೇಳಿದಾಗ, ಅದು ತಾನಾಗಿಯೇ ಚಲಿಸುವ ಸ್ಥಿತಿಗೆ ಬಂದಿದೆ, ಸೇರಿಸಿ ಎಂದು ಪೊಲೀಸರೊಬ್ಬರು ಹೇಳಿದರು. ಏನಿದೆಯೋ ಅದು!

ಅಂದು ಸಂಜೆಯೇ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳು ಒಂದು ಉದ್ದನೆಯ ಪುಸ್ತಕ ಹಿಡಿದು ಬಂದು, ಬಹಳ ಸೌಜನ್ಯದಿಂದ ಸ್ವಾಗತಿಸಿ, ನಿರ್ವಹಣಾ ಶುಲ್ಕದ ಬಾಕಿ 1 ಲಕ್ಷದ 86 ಸಾವಿರ ಎಂದು ತಿಳಿಸಿದರು. ಲೆಕ್ಕ ಅವರ ನಾಲಗೆಯ ತುದಿಯಲ್ಲೇ ಇತ್ತು: ಈ ಶುಲ್ಕ ಇಷ್ಟು, ಮನೆ ತೆರಿಗೆ ಇಷ್ಟು, ಕರೆಂಟಿನದ್ದು ಇಷ್ಟು, ಮಲಗುವ ಕೋಣೆಯ ಸೋರಿಕೆಗೆ ಇಷ್ಟು. "ಎಲ್ಲ ಕಳೆದರೆ, 55 ಲಕ್ಷದ 15 ಸಾವಿರಕ್ಕಿಂತ ಒಂದು ಪೈಸೆ ಮೇಲೆ ಹೋದರೂ ಈ ಮನೆ ನಷ್ಟ ಮಾರಾಯ್ರೆ" ಎಂದುಬಿಟ್ಟು, ಕೂಡಲೇ ನಾಲಗೆ ಕಚ್ಚಿಕೊಂಡು, ಕೆಳಗೆ ನೀರಿನ ಪಂಪು ಆರಿಸಲಿಕ್ಕೆ ಉಂಟೆಂದು ಹೊರಟುಹೋದರು. ಸಂಖ್ಯೆಯಷ್ಟೇ ಇದ್ದ ನನ್ನ ಎದುರಾಳಿಗೆ ಆವತ್ತು ಮುಖವೂ ಬಂತು, ಪುಸ್ತಕವೂ ಬಂತು.

ನಾವು ಒಳಸೇರಿದ ಮೇಲೂ ಹೊರಗಿನವರ ಪಾಲಿಗೆ ಅದು ಹಿಂದಿನ ಮಾಲೀಕರ ಮನೆಯಾಗಿಯೇ ಉಳಿಯಿತು. ವಾರಕ್ಕೆರಡು ಮದುವೆಯ ಕಾಗದಗಳು ಅವರ ಹೆಸರಿಗೆ ಬರುತ್ತಿದ್ದವು. ಬೇರೆ ಸಾಲಗಳ ವಸೂಲಿಗೆ ಬಂದವರು, ನಾನು ಅವನಲ್ಲ ಎಂದರೆ, ಎಲ್ಲರೂ ಹಾಗೆಯೇ ಹೇಳುವುದು ಎಂದು ನಗುತ್ತಿದ್ದರು. ಒಬ್ಬನಂತೂ ನನ್ನ ಆಧಾರ್ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದ. ಅವರು ಬಿಟ್ಟುಹೋಗಿದ್ದ ಟ್ರೆಡ್‌ಮಿಲ್ಲನ್ನು ಬ್ಯಾಂಕಿನವರು ಇವತ್ತು ಒಯ್ಯುತ್ತೇವೆ, ನಾಳೆ ಒಯ್ಯುತ್ತೇವೆ ಎಂದು ಹೇಳುತ್ತಲೇ ಇದ್ದುದರಿಂದ, ಮಳೆಗಾಲ ಹಿಡಿದ ಮೇಲೆ ನಾವು ಅದರ ಮೇಲೆ ಬಟ್ಟೆ ಒಣಹಾಕತೊಡಗಿದೆವು.

2024ರ ಜುಲೈಯಲ್ಲಿ, ಧೋ ಎಂದು ಸುರಿಯುತ್ತಿದ್ದ ಒಂದು ಸಂಜೆ, ಕರೆಗಂಟೆ ಬಾರಿಸಿತು. ಐವತ್ತರ ಆಸುಪಾಸಿನ ಒಬ್ಬರು ಕೊಡೆಯನ್ನು ಗೋಡೆಗೆ ಒರಗಿಸಿ, ಚಪ್ಪಲಿಯನ್ನು ಬಾಗಿಲ ಎಡಕ್ಕೆ, ಅಲ್ಲೊಂದು ಚಪ್ಪಲಿಗೂಡು ಇರುವುದೆಂಬ ಅಭ್ಯಾಸದಲ್ಲಿ, ಓರೆಯಾಗಿ ಬಿಟ್ಟರು. "ನಾನು ಇಲ್ಲಿ ಮೊದಲು ಇದ್ದವ ಸರ್" ಎಂದರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಾದ್ದರಿಂದ ದಕ್ಕೆಯಲ್ಲಿ ಕೆಲಸವಿರಲಿಲ್ಲವಂತೆ. ಈಗ ಅವರು ಬೇರೊಬ್ಬರ ಪ್ಲಾಂಟಿನಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದಾರಂತೆ. ಬಂದದ್ದು ಕಾಗದಗಳಿಗಾಗಿ. ನಾವು ಚೀಲದಲ್ಲಿ ಜೋಡಿಸಿಟ್ಟಿದ್ದ ಮದುವೆಯ ಕರೆಯೋಲೆಗಳನ್ನು ಒಂದೊಂದಾಗಿ ನೋಡಿ, "ಇವರೆಲ್ಲ ಇನ್ನೂ ಕರೀತಾರೆ" ಎಂದು ತಮಗೆ ತಾವೇ ಹೇಳಿಕೊಂಡರು. ನನಗೆ ಎಲ್ಲಿ ನೋಡಬೇಕೆಂದು ತಿಳಿಯದೆ ಟ್ರೆಡ್‌ಮಿಲ್ಲಿನತ್ತ ನೋಡಿದೆ. ಅವರೂ ಅತ್ತ ನೋಡಿ, ನನ್ನ ಪಂಚೆ ಒಣಗುತ್ತಿದ್ದುದನ್ನು ಕಂಡು, "ಇರಲಿ ಸರ್, ನಾವೂ ಅದರಲ್ಲಿ ಬಟ್ಟೆಯೇ ಒಣಗಿಸಿದ್ದು" ಎಂದರು.

ಹೆಂಡತಿ ಕಾಫಿ ತಂದಾಗ, ಸ್ನಾನದ ಮನೆಯ ಗೀಸರ್ ಈ ಮನೆಗೆ ಬಂದ ದಿನದಿಂದ ಬಿಸಿಯಾಗಿಲ್ಲ, ಎಲೆಕ್ಟ್ರಿಷಿಯನ್ ಎರಡು ಸಲ ಹಣ ತೆಗೆದುಕೊಂಡು ಹೋದ ಎಂದು ಮಾತಿಗೆ ಮಾತು ಬಂತು. ಅವರು ಎದ್ದು ಅಡುಗೆಮನೆಗೆ ಹೋಗಿ, ಬಾಗಿಲ ಹಿಂದೆ ನಾವು ಕ್ಯಾಲೆಂಡರ್ ತೂಗುಹಾಕಿದ್ದ ಜಾಗದಲ್ಲಿ ಕೈ ತೂರಿಸಿ ಒಂದು ಸ್ವಿಚ್ಚನ್ನು ಒತ್ತಿದರು. ಉಳಿತಾಯದ ಅಂಕಿಗಳ ಬೆನ್ನಿಗೇ ಅದು ಅಡಗಿತ್ತು. ಸ್ನಾನದ ಮನೆಯಲ್ಲಿ ಕೆಂಪು ದೀಪ ಹತ್ತಿತು.

ಹೊರಡುವಾಗ ಮಲಗುವ ಕೋಣೆಯ ಬಾಗಿಲಲ್ಲಿ ಅರೆಕ್ಷಣ ನಿಂತು, ಸೋರುವಲ್ಲಿ ನಾವಿಟ್ಟಿದ್ದ ಬಕೆಟನ್ನು ನೋಡಿದರು. "ಅದು ಜೂನಿನ ಜಾಗ ಸರ್. ಆಟಿ ಶುರುವಾದ ಮೇಲೆ ನೀರು ಕಪಾಟಿನ ಕಡೆ ಬರ್ತದೆ. ಎರಡು ಅಡಿ ಈಚೆಗೆ ಇಡಿ" ಎಂದು ಹೇಳಿ, ಕೊಡೆ ಬಿಡಿಸಿಕೊಂಡು ಮೆಟ್ಟಿಲಿಳಿದರು. ಆಟಿ, ಅಂದರೆ ಜುಲೈ ನಡುವೆ ಹಿಡಿಯುವ ತುಳು ತಿಂಗಳು, ಶುರುವಾಗಿ ಆಗ ಎರಡು ದಿನವಾಗಿತ್ತು. ರಾತ್ರಿ ಮಲಗುವ ಮೊದಲು, ಸಂಘದ ಕಾರ್ಯದರ್ಶಿಗಳ ಪುಸ್ತಕದಲ್ಲೂ ಇಲ್ಲದ ಈ ಮಾಹಿತಿಯನ್ನು ನಂಬಬೇಕೋ ಬೇಡವೋ ಎಂದು ಸ್ವಲ್ಪ ಹೊತ್ತು ಚರ್ಚಿಸಿ, ಬಕೆಟನ್ನು ಎರಡು ಅಡಿ ಈಚೆಗೆ ಸರಿಸಿದೆವು. ಹನ್ನೊಂದು ಗಂಟೆಯ ಹೊತ್ತಿಗೆ ಮೊದಲ ಹನಿ ಅದರ ನಟ್ಟನಡುವೆ ಬಿತ್ತು.