ಸುಂಕದವರ ಮುಂದೆ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಅಂತ ಗಾದೆ. ಬ್ಯಾಂಕಿನ ಪಿಂಚಣಿ ಕೌಂಟರಿನಲ್ಲಿ ಕೂರುವ ನನಗೆ ಇದು ಸ್ವಲ್ಪ ಚುಚ್ಚುತ್ತದೆ. ನಮ್ಮ ಸಂತ ಮತ್ತಾಯ ಸುಂಕದವನೇ ಅಲ್ವಾ! ಸುಂಕದ ಕಟ್ಟೆಯಲ್ಲಿ ಕೂತಿದ್ದವನನ್ನು ಯೇಸು ‘ನನ್ನನ್ನು ಹಿಂಬಾಲಿಸು’ ಎಂದು ಕರೆದರು. ಅವನು ಎದ್ದು ಹೊರಟೇಬಿಟ್ಟ. ಈಗ ಬ್ಯಾಂಕಿನವರಿಗೆ, ಲೆಕ್ಕ ಬರೆಯುವವರಿಗೆ ಅವನೇ ಪಾಲಕ ಸಂತ. ಸೆಪ್ಟೆಂಬರ್ 21 ಅವನ ಹಬ್ಬ. ನನಗಂತೂ ಹಾಗೆ ಎದ್ದು ಹೋಗಲು ಆಗಲ್ಲ, ಸಂಜೆ ಲೆಕ್ಕ ಟ್ಯಾಲಿ ಆಗಬೇಕು.

ಮೇಜಿನ ಗಾಜಿನ ಕೆಳಗೆ ಅವನ ಪುಟ್ಟ ಚಿತ್ರ ಇಟ್ಟಿದ್ದೇನೆ. ಗಡ್ಡ ನೋಡಿ ಒಬ್ಬರು ‘ನಿಮ್ಮ ತಾತಾನಾ ಮೇಡಂ?’ ಅಂದರು. ಹತ್ತಿರದವರೇ ಅಂದೆ.

ನಮ್ಮಲ್ಲಿ ನವೆಂಬರ್ ಎಂದರೆ ಮೃತರನ್ನು ನೆನೆಯುವ ತಿಂಗಳು. 2ನೇ ತಾರೀಕು ಸಮಾಧಿಗೆ ಹೂವು ಹಾಕಿ, ಮೇಣದಬತ್ತಿ ಹಚ್ಚಿ ಬರುತ್ತೇವೆ. ಬ್ಯಾಂಕಿನಲ್ಲಿ ಅದೇ ತಿಂಗಳು ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆ ಅಂತ ರುಜುವಾತು ಕೊಡಬೇಕು. ಇಲ್ಲದಿದ್ದರೆ ಪಿಂಚಣಿ ನಿಲ್ಲುತ್ತದೆ. 2014ರಲ್ಲಿ ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ಜೀವಿತ ಪ್ರಮಾಣಪತ್ರ ಬಂದಮೇಲೆ ಬೆರಳು ಒತ್ತಿದರೆ ಸಾಕು ಎಂದಾಯಿತು. ಆದರೆ ಪಾತ್ರೆ ತಿಕ್ಕಿ, ಗರಗಸ ಹಿಡಿದು ಗೆರೆ ಸವೆದ ಬೆರಳನ್ನು ಯಂತ್ರ ಒಪ್ಪಬೇಕಲ್ಲ? ಭಾನುವಾರ ಪೂಜೆಯಲ್ಲಿ ‘ಶರೀರದ ಪುನರುತ್ಥಾನವನ್ನು ವಿಶ್ವಾಸಿಸುತ್ತೇನೆ’ ಎಂದು ಹೇಳಿ ಬಂದಿರುತ್ತೇನೆ. ಸೋಮವಾರ ನೋಡಿದರೆ ಈ ಯಂತ್ರಕ್ಕೆ ಎದುರಿಗೆ ಕೂತಿರುವ ಶರೀರದ ಮೇಲೇ ವಿಶ್ವಾಸವಿಲ್ಲ.

ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಬೇಕು. ಹೆಬ್ಬೆರಳು ಆಗದಿದ್ದರೆ ತೋರುಬೆರಳು, ಅದೂ ಆಗದಿದ್ದರೆ ಇನ್ನೊಂದು ಕೈ. ಈ ಒರೆಸುವ ಹೊತ್ತಿನಲ್ಲೇ ಸುಖದುಃಖ ಶುರುವಾಗುತ್ತದೆ. ಮಂಡಿನೋವು, ಸೊಸೆಯ ಮೌನ, ಫೋನ್ ಮಾಡದ ಮಗ. ಹಿಂದೆ ಸಾಲು ಬೆಳೆಯುತ್ತದೆ, ಮ್ಯಾನೇಜರ್ ಕತ್ತೆತ್ತಿ ನೋಡುತ್ತಾರೆ.

ಕೆಲಸದ ಜಾಗದಲ್ಲಿ ದೇವರ ಮಾತು ಎತ್ತುವುದು ನನಗೆ ಸೇರಲ್ಲ. ಪಿಂಚಣಿಗೆಂದು ಬಂದವರ ಮುಂದೆ ಬೋಧನೆ ಮಾಡುವುದು ನ್ಯಾಯವೂ ಅಲ್ಲ. ಕೆಲಸ ಮುಗಿಯದೆ ಅವರು ಎದ್ದು ಹೋಗುವ ಹಾಗಿಲ್ಲವಲ್ಲ! ಆದರೆ ಆ ಗಾದೆಯನ್ನು ಒಂದಿಷ್ಟಾದರೂ ಸುಳ್ಳು ಮಾಡಬೇಕೆಂಬ ಆಸೆ ಮಾತ್ರ ಇದೆ. ಹಾಗಾಗಿ ಕೇಳಿಸಿಕೊಳ್ಳುತ್ತೇನೆ. ಕೆಲವು ದಿನ ಸುಮ್ನೆ ಹೂಂಗುಟ್ಟುತ್ತೇನೆ, ಅದೂ ನಿಜವೇ.

ನಗುವೂ ಉಂಟು. ಗಂಡನ ಪಿಂಚಣಿ ಪಡೆಯುವ ಅಜ್ಜಿಯೊಬ್ಬರಿಗೆ ‘ಮರುಮದುವೆ ಆಗಿದೆಯೇ?’ ಅಂತ ನಿಯಮದ ಪ್ರಕಾರ ಕೇಳಿದೆ. ‘ಯಾರಾದ್ರೂ ಇದ್ರೆ ನೀನೇ ಹೇಳವ್ವ’ ಅಂದರು. ಸಾಲಿಗೆ ಸಾಲೇ ನಕ್ಕಿತು.

ಮೊನ್ನೆ ಒಬ್ಬರು ನಿವೃತ್ತ ಮೇಷ್ಟ್ರ ಹತ್ತು ಬೆರಳೂ ಕೈಕೊಟ್ಟವು. ಕೊನೆಗೆ ಮೊಬೈಲಿನಲ್ಲಿ ಮುಖ ತೋರಿಸಿ ಕಣ್ಣು ಮಿಟುಕಿಸಲು ಹೇಳಿದೆ. ಮಿಟುಕಿಸಿದರು, ಆಯಿತು. ಚೀಲ ಎತ್ತಿಕೊಳ್ಳುತ್ತಾ ಕೇಳಿದರು: ‘ಬರೋ ವರ್ಷವೂ ಇಲ್ಲೇ ಇರ್ತೀರಾ ಮೇಡಂ?’

‘ವರ್ಗ ಆಗದಿದ್ದರೆ ಇರ್ತೀನಿ ಸಾರ್.’

‘ನನಗೂ ವರ್ಗ ಆಗದಿದ್ದರೆ ಬರ್ತೀನಿ’ ಅಂದರು.